ಮರ, ಮಗು, ಒಂದು ಗಂಟೆ

ಚಿತ್ರ ಬರೆಯುವುದನ್ನು ಕುರ್ಚಿ ಹಾಕಿಕೊಂಡು ಕೂತು ನೋಡುವಂಥ ಕೆಲಸಗೇಡಿತನ ಇನ್ನೊಂದಿಲ್ಲ. ಒಲೆಯ ಮೇಲಿನ ಹಾಲನ್ನಾದರೂ ಕಾಯಬಹುದು, ಕೊನೆಗೆ ಹಾಲಾದರೂ ಸಿಗುತ್ತದೆ. ಬಣ್ಣ ಒಣಗುವುದನ್ನು ನೂರೈವತ್ತು ಜನ ಕಣ್ಣು ಬಾಯಿ ಬಿಟ್ಟುಕೊಂಡು ನೋಡುತ್ತಾರೆಂದರೆ ಅವರವರ ಮನೆಯಲ್ಲಿ ಅವರಿಗೆ ಬೇರೆ ಕೆಲಸವಿಲ್ಲ ಎಂದೇ ಅರ್ಥ. ಹಾಗಂತ ಬೈದುಕೊಂಡೇ ನಾನೂ ಅವತ್ತು ಮೂರನೇ ಸಾಲಿನಲ್ಲಿ ಕೂತಿದ್ದೆ. ಕೂರದೆ ಗತಿಯಿರಲಿಲ್ಲ. ವೇದಿಕೆ ಹತ್ತಬೇಕಿದ್ದ ಮೂವರಲ್ಲಿ ಒಬ್ಬರು ನನ್ನ ಗಂಡ.

ನಮ್ಮವರು ಕತೆ ಪುಸ್ತಕಗಳಿಗೆ ಚಿತ್ರ ಬರೆಯುವವರು. ಮಕ್ಕಳ ಮಾಸಪತ್ರಿಕೆಯೊಂದರಲ್ಲಿ ಮೂವತ್ತೊಂದು ವರ್ಷ ಅದೇ ಕಿಟಕಿ, ಅದೇ ಇಳಿಜಾರು ಮೇಜು, ಅದೇ ನೀರಿನ ಡಬ್ಬಿ. ಎಂಟು ತಿಂಗಳ ಹಿಂದೆ ಪತ್ರಿಕೆ ಮುಚ್ಚಿತು. ಅಲ್ಲಿಂದ ಇವರು ಮನೆಯ ಕಿಟಕಿಯ ಪಕ್ಕ ಕೂತು ಎದುರು ಮನೆಯವರ ಬಟ್ಟೆ ಒಣಗುವುದನ್ನು ನೋಡತೊಡಗಿದರು. ಬಣ್ಣದ ಶೀಶೆಗಳ ಮುಚ್ಚಳಗಳು ಅಂಟಿಕೊಂಡು ಕೂತವು. ಹೀಗಿರುವಾಗ ಕಲಾಶಾಲೆಯಿಂದ ಒಂದು ಕಾಗದ ಬಂತು. ಪುಸ್ತಕಗಳಿಗೆ ಚಿತ್ರ ಬರೆಯುವುದನ್ನು ಕಲಿಸಲು ಒಬ್ಬ ಮೇಷ್ಟ್ರು ಬೇಕು, ಮೂವರನ್ನು ಆರಿಸಿದ್ದೇವೆ, ಅದರಲ್ಲಿ ನೀವೂ ಒಬ್ಬರು ಎಂದು. ಅಲ್ಲಿಗೇ ನಿಲ್ಲಿಸಿದ್ದರೆ ಅದು ಮರ್ಯಾದಸ್ಥರ ಕಾಗದವಾಗುತ್ತಿತ್ತು. ಕೆಳಗೆ ಇನ್ನೊಂದು ಸಾಲಿತ್ತು. ಮೂವರೂ ಸಾರ್ವಜನಿಕರ ಎದುರಿಗೆ ಒಂದು ಗಂಟೆಯಲ್ಲಿ ಒಂದು ಚಿತ್ರ ಬರೆದು ತೋರಿಸಬೇಕಂತೆ. ವಿಷಯವನ್ನು ಅಲ್ಲೇ ಕೊಡುತ್ತಾರಂತೆ. ಅದಕ್ಕೆ ಅವರಿಟ್ಟ ಹೆಸರು ಪ್ರಾತ್ಯಕ್ಷಿಕೆ.

ನಾನು ಸುಮ್ಮನಿರುವವಳಲ್ಲ. ಪ್ರಾಂಶುಪಾಲರಿಗೆ ಫೋನ್ ಹಚ್ಚಿದೆ. "ಮೂವತ್ತೊಂದು ವರ್ಷದ ಸಂಚಿಕೆಗಳು ಕಪಾಟು ತುಂಬ ಇವೆ, ತಂದು ನಿಮ್ಮ ಮೇಜಿನ ಮೇಲೆ ಸುರೀತೀನಿ, ಸಾಲದಾ?" ಅಂದೆ.

"ಅದೆಲ್ಲ ಸರಿ ಮೇಡಂ," ಎಂದರು ಆ ಮಹಾನುಭಾವರು. "ಆದ್ರೆ ಈಗಿನ ಮಕ್ಕಳು ಪುಸ್ತಕ ನೋಡಿ ಒಪ್ಪಲ್ಲ. ಅವರಿಗೆ ಕೈ ಕಾಣ್ಬೇಕು."

ದರ್ಜಿಗೆ ಬಟ್ಟೆ ಕೊಡುವವರು ಅವನು ಹೊಲಿದ ಅಂಗಿಯನ್ನು ನೋಡುತ್ತಾರೆ, ಅವನು ಸೂಜಿಗೆ ದಾರ ಪೋಣಿಸುವುದನ್ನು ಸಭೆ ಸೇರಿಸಿ ನೋಡುವುದಿಲ್ಲ. ಇದನ್ನೂ ಹೇಳಿದೆ. ಅವರು ನಕ್ಕು ಫೋನ್ ಇಟ್ಟರು.

ಈ ಕೆಲಸ ತಪ್ಪಿದರೆ ಮುಂದೇನು ಎನ್ನುವುದನ್ನು ನಮ್ಮ ಭಾವ, ಅಂದರೆ ಗಂಡನ ಅಣ್ಣ, ಆಗಲೇ ತೀರ್ಮಾನಿಸಿಬಿಟ್ಟಿದ್ದರು. ಅವರದು ಗೋಡೆಗೆ ಹೊಡೆಯುವ ಬಣ್ಣದ ಅಂಗಡಿ. ಗಿರಾಕಿ ಪಟ್ಟಿಯಲ್ಲಿ ಬೆರಳಿಟ್ಟ ಬಣ್ಣವನ್ನು ಯಂತ್ರಕ್ಕೆ ಹೇಳಿದರೆ ಅದೇ ಕಲಸಿ ಕೊಡುತ್ತದೆ. ಡಬ್ಬಿಯ ಮುಚ್ಚಳ ಬಡಿದು ಕೊಡಲು ಒಬ್ಬರು ಬೇಕು. "ಇವನಿಗೆ ಬಣ್ಣ ಅಂದ್ರೆ ಜೀವ. ನಮ್ಮಲ್ಲಿ ಎರಡು ಸಾವಿರ ಬಣ್ಣ ಇದೆ. ಅವನಿಗಿನ್ನೇನು ಬೇಕಮ್ಮ?" ಎಂದು ನನ್ನನ್ನೇ ಕೇಳಿದ್ದರು. ತಮ್ಮನ ಅಳತೆಗೆ ಅಂಗಡಿಯ ಹೆಸರಿರುವ ಒಂದು ಏಪ್ರನ್ನನ್ನೂ ಹೊಲಿಸಿ ಇಟ್ಟಿದ್ದರು. ಒಳ್ಳೆಯ ಮನುಷ್ಯರೇ. ಒಳ್ಳೆಯವರಿಂದ ಆಗುವಷ್ಟು ಉಪದ್ರವ ಕೆಟ್ಟವರಿಂದಲೂ ಆಗುವುದಿಲ್ಲ.

ನಮ್ಮವರು ಏನೂ ಹೇಳಲಿಲ್ಲ. ಹೇಳುವವರೂ ಅಲ್ಲ. ನಮ್ಮಿಬ್ಬರಿಗೂ ಸೇರಿ ಬಾಯಿ ಇರುವುದು ಒಂದೇ, ಅದು ನನ್ನ ಹತ್ತಿರ ಇದೆ. ಡಾಕ್ಟರು ಎಲ್ಲಿ ನೋವು ಎಂದು ಇವರನ್ನು ಕೇಳಿದರೆ ಇವರು ನನ್ನ ಮುಖ ನೋಡುತ್ತಾರೆ, ಬಲ ಮೊಣಕಾಲು ಎಂದು ನಾನು ಹೇಳುತ್ತೇನೆ. ಆದರೆ ಪ್ರಾತ್ಯಕ್ಷಿಕೆಯ ದಿನ ಬೆಳಗ್ಗೆ ಟೀ ಲೋಟ ಕೆಳಗಿಟ್ಟು ಅವರಾಗಿಯೇ ಒಂದು ಮಾತು ಆಡಿದರು.

"ಇದು ಸಿಗದಿದ್ರೆ ಅಣ್ಣನ ಅಂಗಡಿಗೇ ಹೋಗ್ತೀನಿ. ಬ್ರಶ್ಶುಗಳನ್ನ ಯಾರಿಗಾದ್ರೂ ಕೊಟ್ಟುಬಿಡು."

ನನಗೆ ಎದೆ ಧಸಕ್ಕೆಂದಿತು. ಹಾಗೆಂದು ತೋರಿಸಿಕೊಳ್ಳಲಿಲ್ಲ. "ಮೊದಲು ಅಂಗಿ ಬದಲಾಯಿಸಿ, ಕಾಲರ್ ಹರಿದಿದೆ," ಅಂದೆ.

ತೋರಿಸಿಕೊಳ್ಳದಿರುವುದಕ್ಕೆ ಕಾರಣವಿತ್ತು. ಅದನ್ನೂ ಹೇಳಿಬಿಡುತ್ತೇನೆ, ಬಚ್ಚಿಟ್ಟುಕೊಳ್ಳುವುದು ನನ್ನ ಜಾಯಮಾನವಲ್ಲ. ಅದೇ ಪತ್ರಿಕೆಯಲ್ಲಿ ನಾನೂ ಹದಿನಾರು ವರ್ಷ ಇದ್ದೆ. ಕತೆಗಳ ಶೀರ್ಷಿಕೆ ಬರೆಯುವುದು ನನ್ನ ಕೆಲಸ. ಆಗೆಲ್ಲ ಶೀರ್ಷಿಕೆಯನ್ನು ಕೈಯಲ್ಲೇ ಬರೆಯುತ್ತಿದ್ದೆವು. ದೆವ್ವದ ಕತೆಗೆ ನಡುಗುವ ಅಕ್ಷರ, ಆನೆಯ ಕತೆಗೆ ಊದಿಕೊಂಡ ಅಕ್ಷರ, ಕಳ್ಳನ ಕತೆಗೆ ಒಂದರ ಹಿಂದೊಂದು ಅವಿತುಕೊಂಡ ಅಕ್ಷರ. ಇವರು ಚಿತ್ರ ಬರೆದು ಹಾಳೆಯನ್ನು ನನ್ನ ಮೇಜಿಗೆ ತಳ್ಳುತ್ತಿದ್ದರು, ನಾನು ಮೇಲೆ ಶೀರ್ಷಿಕೆ ಬರೆದು ಸಂಪಾದಕರಿಗೆ ಕಳಿಸುತ್ತಿದ್ದೆ. ನಮ್ಮ ಮದುವೆ ಕುದುರಿದ್ದೂ ಆ ಎರಡು ಮೇಜುಗಳ ನಡುವೆಯೇ.

ಹದಿನಾಲ್ಕು ವರ್ಷದ ಹಿಂದೆ ಒಂದು ಮಧ್ಯಾಹ್ನ ಸಂಪಾದಕರು ನಮ್ಮಿಬ್ಬರನ್ನೂ ಒಳಗೆ ಕರೆದರು. ಇನ್ನು ಮುಂದೆ ಶೀರ್ಷಿಕೆಗಳನ್ನು ಕಂಪ್ಯೂಟರಿನಲ್ಲೇ ಹಾಕಿಕೊಳ್ಳುತ್ತೇವೆ, ನೀವು ತಿಂಗಳ ಕೊನೆಯವರೆಗೆ ಬಂದರೆ ಸಾಕು ಎಂದು ನನಗೆ ಹೇಳಿದರು. ಬೆಕ್ಕನ್ನು ಮನೆಯಿಂದ ಹೊರಗೆ ಬಿಡುವಷ್ಟು ಸಲೀಸಾಗಿ ಹೇಳಿದರು. ಜೀವಮಾನದಲ್ಲಿ ಅದೇ ಮೊದಲ ಸಲ ನನ್ನ ಬಾಯಿ ಕೈಕೊಟ್ಟದ್ದು. ನಾನು ಇವರ ಕಡೆ ತಿರುಗಿ ನೋಡಿದೆ. ಅವಳಿಲ್ಲದಿದ್ದರೆ ನಾನೂ ಇಲ್ಲ ಎಂದು ಮೇಜು ಗುದ್ದಬೇಕಿರಲಿಲ್ಲ. ಒಂದು "ಯಾಕೆ" ಸಾಕಿತ್ತು. ಇವರು ತಲೆ ತಗ್ಗಿಸಿಕೊಂಡು ಹೆಬ್ಬೆರಳಿನ ಉಗುರಿಗೆ ಹತ್ತಿದ ಹಸಿರು ಬಣ್ಣವನ್ನು ಕೆರೆಯುತ್ತಿದ್ದರು. ಪೂರ್ತಿ ಕೆರೆದು ಮುಗಿಸಿದರು. ಆಮೇಲೆ ಇಬ್ಬರೂ ಎದ್ದು ಬಂದೆವು.

ಅಲ್ಲಿಂದ ಇಲ್ಲಿಯವರೆಗೆ ಇವರ ಜೊತೆ ಉಂಡಿದ್ದೇನೆ, ನಕ್ಕಿದ್ದೇನೆ, ಜ್ವರ ಬಂದಾಗ ತಲೆಗೆ ತಣ್ಣೀರು ಬಟ್ಟೆ ಹಾಕಿದ್ದೇನೆ. ಕ್ಷಮಿಸಿಲ್ಲ. ಆ ಉಗುರು ಇವತ್ತಿಗೂ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ.

ಇನ್ನು ಆ ಸಭಾಂಗಣದ ವೈಭವ ಕೇಳಿ. ವೇದಿಕೆಯ ಮೇಲೆ ಒಂದು ಮೇಜು, ಮೇಜಿನ ನೆತ್ತಿಯ ಮೇಲೆ ಒಂದು ಕ್ಯಾಮೆರಾ, ಹಿಂದೆ ಗೋಡೆಯಗಲದ ಪರದೆ. ಕೆಳಗೆ ಕೈ ಆಡಿಸಿದರೆ ಪರದೆಯ ಮೇಲೆ ಎಮ್ಮೆಯಷ್ಟು ದೊಡ್ಡ ಕೈ. ಪಕ್ಕದಲ್ಲಿ ಮೈಕು ಹಿಡಿದ ಒಬ್ಬ ನಿರೂಪಕಿ. ಇಲ್ಲಿ ನೋಡಿ, ಸರ್ ಬ್ರಶ್ ತಗೊಂಡ್ರು, ಈಗ ನೀರಿಗೆ ಅದ್ದಿದ್ರು ಎಂದು ಕುರುಡರಿಗೆ ದಾರಿ ತೋರಿಸುವ ಹಾಗೆ ಹೇಳುತ್ತಲೇ ಇರುವುದು ಅವಳ ಕೆಲಸ. ಮುಂದಿನ ಸಾಲಿನಲ್ಲಿ ಪ್ರಾಂಶುಪಾಲರು, ತೊಡೆಯ ಮೇಲೆ ಅಂಕ ಬರೆಯುವ ಹಾಳೆ. ನನ್ನ ಪಕ್ಕದಲ್ಲಿ ಭಾವ, ತಮ್ಮನಿಗೆ ಧೈರ್ಯ ಹೇಳಲು ಅಂಗಡಿ ಮುಚ್ಚಿ ಬಂದವರು. ಪ್ರಾಂಶುಪಾಲರು ಒಂದು ಡಬ್ಬಿಗೆ ಕೈ ಹಾಕಿ ಚೀಟಿ ಎತ್ತಿ ಓದಿದರು. ವಿಷಯ, ಮರ ಮತ್ತು ಮಗು. ಜನ ಚಪ್ಪಾಳೆ ತಟ್ಟಿದರು. ಚೀಟಿ ಎತ್ತಿದ್ದಕ್ಕೂ ಚಪ್ಪಾಳೆ ತಟ್ಟುವವರನ್ನು ನಾನು ಅವತ್ತೇ ನೋಡಿದ್ದು.

ಮೊದಲು ಬಂದವನಿಗೆ ನಾನು ಮನಸ್ಸಿನಲ್ಲೇ ತಲೆಕೆಳಗಪ್ಪ ಎಂದು ಹೆಸರಿಟ್ಟೆ. ಕರಿ ಕೋಟು, ಕರಿ ಕೈಗವಸು. ತೋಳು ಮಡಿಸಿದ, ಬಿಚ್ಚಿದ, ಮತ್ತೆ ಮಡಿಸಿದ. ಸಂಗೀತ ಹಾಕಿಸಿದ. ಎರಡೂ ಕೈಯಲ್ಲಿ ಎರಡು ಕುಂಚ ಹಿಡಿದು ಸೊಳ್ಳೆ ಹೊಡೆಯುವ ಹಾಗೆ ಕಾಗದದ ಮೇಲೆ ಬಡಿದ. ಕಾಗದದ ಮೇಲೆ ಮೊದಲೇ ತೆಳ್ಳಗೆ ಪೆನ್ಸಿಲ್ ಗೆರೆ ಹಾಕಿಕೊಂಡು ಬಂದಿದ್ದು ಅಷ್ಟಗಲದ ಪರದೆಯ ಮೇಲೆ ಢಾಳಾಗಿ ಕಾಣುತ್ತಿತ್ತು. ಆದರೆ ಜನರ ಕಣ್ಣು ಗೆರೆಯ ಮೇಲೆಲ್ಲಿ, ಅವನ ಕೋಟಿನ ಮೇಲಿತ್ತು. ಕೊನೆಗೆ ಹಲಗೆಯನ್ನು ಗಿರ್ರನೆ ತಿರುಗಿಸಿದ. ಅಲ್ಲಿಯವರೆಗೆ ಬೇರಿನಂತೆ ಕಂಡದ್ದೆಲ್ಲ ಮೇಲಾಗಿ, ಮರದ ಜಾಗದಲ್ಲಿ ಒಂದು ಹುಡುಗಿಯ ಮುಖ ಕಂಡಿತು. ಎಲೆಗಳೆಲ್ಲ ಅವಳ ಕೂದಲು. ಸಭಾಂಗಣ ಎದ್ದು ನಿಂತಿತು. ಚೀಟಿಯಲ್ಲಿ ಸಮುದ್ರ ಮತ್ತು ಹಡಗು ಎಂದು ಬಂದಿದ್ದರೂ ಅದೇ ಮುಖವೇ ಬರುತ್ತಿತ್ತು, ಕೂದಲು ಅಲೆಯಾಗುತ್ತಿತ್ತು ಅಷ್ಟೇ. ಅವನಿಗೆ ಗೊತ್ತಿದ್ದದ್ದು ಅದೊಂದೇ ಮುಖ. ಕಲಿಸಲು ಬಂದರೆ ವರ್ಷಕ್ಕೆ ನಲವತ್ತು ಮಕ್ಕಳು ಅದೊಂದೇ ಮುಖ ಬರೆಯುವುದನ್ನು ಕಲಿತು ಹೊರಗೆ ಬೀಳುತ್ತಾರೆ.

"ಕೈ ಚುರುಕಿದೆ," ಎಂದರು ಭಾವ. "ಗೋಡೆಗಾದ್ರೆ ಒಳ್ಳೆ ಕೆಲಸಗಾರ."

ಎರಡನೆಯವಳು ಉಸಿರಮ್ಮ. ಇದೂ ನಾನಿಟ್ಟ ಹೆಸರೇ. ಬಂದವಳೇ ಎಲ್ಲರೂ ಕಣ್ಣು ಮುಚ್ಚಿ ಉಸಿರಾಡಿ ಎಂದಳು. ಚಿತ್ರ ನೋಡಲು ಬಂದವರಿಗೆ ಕಣ್ಣು ಮುಚ್ಚಿ ಎಂದ ಹೆಂಗಸು ಜಗತ್ತಿನಲ್ಲಿ ಅವಳೊಬ್ಬಳೇ ಇರಬೇಕು. ಕಾಗದ ಒದ್ದೆ ಮಾಡುವುದಕ್ಕೆ ಇಪ್ಪತ್ತು ನಿಮಿಷ ತೆಗೆದುಕೊಂಡಳು. ಕಾಗದಕ್ಕೆ ನಮ್ಮ ಒಪ್ಪಿಗೆ ಬೇಕಿಲ್ಲವಂತೆ, ನಮಗೆ ಕಾಗದದ ಒಪ್ಪಿಗೆ ಬೇಕಂತೆ. ಭಾವ ಅಷ್ಟರಲ್ಲಿ ಒಪ್ಪಿಗೆ ಕೊಟ್ಟು ಗೊರಕೆ ಹೊಡೆಯುತ್ತಿದ್ದರು. ಗಂಟೆ ಮುಗಿಯುವಾಗ ಪರದೆಯ ಮೇಲೆ ಹಸಿರು ಬಣ್ಣ ಚೆಲ್ಲಿದ ಕಲೆಯೊಂದಿತ್ತು. ಅದು ಮರವಲ್ಲವಂತೆ, ಮರದ ನೆನಪಂತೆ. ಮಗು ಎಲ್ಲಿ ಎಂದು ನಿರೂಪಕಿ ಪಾಪ ಕೇಳಿಯೇಬಿಟ್ಟಳು. "ನಿಮ್ಮೊಳಗಿದೆ," ಎಂದಳು ಉಸಿರಮ್ಮ. ನನ್ನ ಹಿಂದೆ ಕೂತ ಹೆಂಗಸು ಮೂಗು ಒರೆಸಿಕೊಂಡು ಅತ್ತಳು. ನನಗೆ ತಲೆ ಚಿಟ್ಟು ಹಿಡಿಯಿತು.

ಆಮೇಲೆ ನಮ್ಮವರು. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಬಟ್ಟೆಯಲ್ಲಿ ಸುತ್ತಿದ ಕುಂಚಗಳು. ವೇದಿಕೆ ಹತ್ತಿದವರೇ ಸಭೆಗೆ ಬೆನ್ನು ಹಾಕಿ ನೀರಿನ ಡಬ್ಬಿಗಳನ್ನು ಸರಿಯಾಗಿ ಜೋಡಿಸಿದರು. ಒಂದು ಡಬ್ಬಿ ಕುಂಚ ತೊಳೆಯಲು, ಇನ್ನೊಂದು ಬಣ್ಣ ಕಲಸಲು. ಮೇಜನ್ನು ಅಲುಗಾಡಿಸಿ ನೋಡಿದರು. ಒಂದು ಕಾಲು ಗಿಡ್ಡ ಇತ್ತು. ಜೇಬಿನಿಂದ ಕಾಗದ ತೆಗೆದು ಮಡಿಸಿ ಅದರ ಕೆಳಗೆ ತುರುಕಿದರು. ನಿರೂಪಕಿ ಇದಕ್ಕೆಲ್ಲ ಏನು ಹೇಳಬೇಕೆಂದು ತಿಳಿಯದೆ ಹಲ್ಲು ಕಿರಿದಳು.

"ಸರ್, ಬರೀತಾ ಬರೀತಾ ನಾಲ್ಕು ಮಾತಾಡ್ತೀರಾ?"

ನಮ್ಮವರು ಇಲ್ಲ ಎನ್ನುವಂತೆ ತಲೆಯಾಡಿಸಿ ಪೆನ್ಸಿಲ್ ತೆಗೆದುಕೊಂಡರು.

ಹತ್ತು ನಿಮಿಷ ಜನ ಕೆಮ್ಮಿದರು, ಕುರ್ಚಿ ಸರಿಸಿದರು, ಫೋನು ನೋಡಿದರು. ನನಗೆ ಮೈಯೆಲ್ಲ ಉರಿಯಿತು. ಗಿರ್ರನೆ ತಿರುಗಿಸುವುದಿಲ್ಲ, ಉಸಿರಾಡಿಸುವುದಿಲ್ಲ, ಈ ಮನುಷ್ಯನಿಗೆ ಯಾರು ಅಂಕ ಕೊಡುತ್ತಾರೆ ಎಂದುಕೊಂಡೆ. ಆಮೇಲೆ ನಿಧಾನವಾಗಿ ಸಭಾಂಗಣದ ಸದ್ದು ಅಡಗಿತು. ಪರದೆಯ ಮೇಲೆ ಒಂದು ಮಗು ಮರ ಹತ್ತುತ್ತಿತ್ತು. ಒಂದು ಕಾಲು ಆಗಲೇ ಕೊಂಬೆಯ ಮೇಲಿತ್ತು. ಇನ್ನೊಂದು ಕಾಲಿಗೆ ಆಸರೆ ಸಿಕ್ಕಿರಲಿಲ್ಲ, ಬೆರಳುಗಳು ತೊಗಟೆಯನ್ನು ತಡವುತ್ತಿದ್ದವು. ಬುಡದಲ್ಲಿ ಒಂದೇ ಒಂದು ಚಪ್ಪಲಿ ಬಿದ್ದಿತ್ತು. ಇನ್ನೊಂದು ಎಲ್ಲಿ ಎಂದು ಹುಡುಕಿದರೆ ಅದು ಮಗುವಿನ ಬಾಯಲ್ಲಿ. ಎರಡು ಕೈಯೂ ಮರಕ್ಕೆ ಬೇಕಾದ್ದರಿಂದ ಚಪ್ಪಲಿಯನ್ನು ಹಲ್ಲಲ್ಲಿ ಕಚ್ಚಿಕೊಂಡಿತ್ತು. ಜನ ನಕ್ಕರು. ಈ ಸಲ ನಿಜವಾಗಿ ನಕ್ಕರು. ಸುಳ್ಳು ಯಾಕೆ ಹೇಳಲಿ, ನನಗೆ ಮೈ ಜುಮ್ಮೆಂದಿತು. ಎಂಟು ತಿಂಗಳು ಕುಂಚ ಮುಟ್ಟದ ಕೈ ಅದು. ಎಲ್ಲಿ ಇತ್ತೋ ಇದೆಲ್ಲ.

ಐವತ್ತನೇ ನಿಮಿಷಕ್ಕೆ ನಮ್ಮವರು ಕುಂಚ ತೊಳೆದು, ಬಟ್ಟೆಗೆ ಒರೆಸಿ, ಪಕ್ಕಕ್ಕಿಟ್ಟರು. "ಆಯ್ತು," ಎಂದರು. ಸಂಜೆಯಿಂದ ಅವರ ಬಾಯಿಂದ ಬಂದ ಮೊದಲ ಮಾತು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಎಲ್ಲರೂ ಪರದೆಯ ಮೇಲ್ಭಾಗ ನೋಡುತ್ತಿದ್ದರು. ಹಾಳೆಯ ಮೇಲಿನ ಮೂರನೇ ಒಂದು ಪಾಲು ಬಿಳಿ ಕಾಗದವಾಗಿಯೇ ಉಳಿದಿತ್ತು. ಮರದ ತುದಿ ಒಂದು ಗೆರೆಗೆ ಬಂದು ನಿಂತುಬಿಟ್ಟಿತ್ತು. ಅದರ ಮೇಲೆ ಎಲೆಯಿಲ್ಲ, ಮೋಡವಿಲ್ಲ, ಹಕ್ಕಿಯಿಲ್ಲ.

"ಇನ್ನೂ ಹತ್ತು ನಿಮಿಷ ಇದೆ ಸರ್," ಎಂದಳು ನಿರೂಪಕಿ. "ಮೇಲುಗಡೆ ಬಾಕಿ ಇದೆ ಅಲ್ವಾ?"

ಭಾವ ನನ್ನ ಕಡೆ ವಾಲಿದರು. "ಏನಮ್ಮ ಇದು, ಮೇಲೆ ಬಣ್ಣ ಹೊಡೆದೇ ಇಲ್ಲ? ಸಾಲದೆ ಬಂತಾ? ನಂಗೊಂದು ಮಾತು ಹೇಳಿದ್ರೆ ಡಬ್ಬಿ ತರ್ತಿದ್ದೆ."

ನನಗೆ ಗೊತ್ತಿತ್ತು. ಆ ನೂರೈವತ್ತು ಜನರಲ್ಲಿ ಗೊತ್ತಿದ್ದದ್ದು ನನಗೊಬ್ಬಳಿಗೇ. ಅದು ಶೀರ್ಷಿಕೆಗೆ ಬಿಟ್ಟ ಜಾಗ. ಪತ್ರಿಕೆಗೆ ಚಿತ್ರ ಬರೆಯುವವರು ಮೊದಲು ಹಾಳೆಯ ಮೇಲುಗಡೆ ಗೆರೆ ಎಳೆದು ಆ ಜಾಗವನ್ನು ಬಿಟ್ಟೇ ಚಿತ್ರ ಶುರು ಮಾಡುತ್ತಾರೆ. ಅಲ್ಲಿ ಕತೆಯ ಹೆಸರು ಬರಬೇಕು, ಬರೆದವರ ಹೆಸರು ಬರಬೇಕು. ಮೂವತ್ತೊಂದು ವರ್ಷ ತಿಂಗಳಿಗೆ ಆರೇಳು ಸಲ ಹಾಗೆ ಬಿಟ್ಟ ಕೈ, ಇವತ್ತೂ ತನ್ನಷ್ಟಕ್ಕೆ ತಾನೇ ಬಿಟ್ಟಿತ್ತು. ಇಲ್ಲಿ ಕತೆಯಿಲ್ಲ, ಶೀರ್ಷಿಕೆಯಿಲ್ಲ ಎನ್ನುವುದು ಆ ಕೈಗೆ ನೆನಪಾಗಿರಲಿಲ್ಲ.

ಅದರಲ್ಲೂ ನಮ್ಮವರು ಬಿಡುವುದು ಅತಿ. ಕಂಪ್ಯೂಟರಿನ ಅಕ್ಷರಕ್ಕೆ ಎರಡು ಬೆರಳಗಲ ಸಾಕು, ಇವರು ಒಂದು ಅಂಗೈಯಷ್ಟು ಬಿಡುತ್ತಿದ್ದರು. ಪತ್ರಿಕೆಯಲ್ಲಿ ಪುಟ ಜೋಡಿಸುತ್ತಿದ್ದವನು ನನಗೆ ಫೋನ್ ಮಾಡಿ ಗೋಳಾಡುತ್ತಿದ್ದ. "ಅಕ್ಕ, ಸ್ವಲ್ಪ ಅಣ್ಣನಿಗೆ ಹೇಳಿ. ಇಷ್ಟು ಜಾಗ ಇಟ್ಕೊಂಡು ನಾನೇನು ಮಾಡ್ಲಿ? ಎಲ್ಲಾ ಕತೆಗೂ ಮೋಡ ತುಂಬಿಸಿ ಸಾಕಾಯ್ತು. ಸಂಪಾದಕರೂ ಬೈದ್ರು, ಕೇಳಲ್ಲ." ನೀನೇ ಹೇಳಪ್ಪ ಎಂದು ನಾನು ಫೋನ್ ಇಡುತ್ತಿದ್ದೆ. ವಯಸ್ಸಾದ ಹಾಗೆ ಹಟ ಜಾಸ್ತಿಯಾಗಿದೆ ಎಂದುಕೊಂಡಿದ್ದೆ.

ಪ್ರಾಂಶುಪಾಲರು ಮುಂದಿನ ಸಾಲಿನಿಂದ ತಲೆ ಎತ್ತಿದರು. "ಸರ್, ಚಿತ್ರ ಅಪೂರ್ಣ ಅಂತ ಬರ್ಕೊಳ್ಳೋದಾ? ಅಪೂರ್ಣ ಆದ್ರೆ ಅಂಕ ಕೊಡೋಕೆ ಬರಲ್ಲ."

ಆಗ ನಮ್ಮವರು ತಲೆಯೆತ್ತಿ ನನ್ನನ್ನು ನೋಡಿದರು. ಡಾಕ್ಟರ ಎದುರಿಗೆ ನೋಡುವ ಹಾಗೆಯೇ. ಹೇಳು ಎನ್ನುವ ಹಾಗೆ.

ಒಂದು ಸಾಲು ಸಾಕಿತ್ತು. ಸ್ವಾಮಿ, ಅದು ಬಾಕಿಯಲ್ಲ, ನೀವು ಮೇಷ್ಟ್ರು ಹುಡುಕುತ್ತಿರುವುದೇ ಪುಸ್ತಕದ ಚಿತ್ರಕ್ಕಲ್ಲವೇ, ಪುಸ್ತಕದ ಚಿತ್ರ ಇರುವುದೇ ಹೀಗೆ, ಮಿಕ್ಕಿಬ್ಬರಿಗೆ ಇದೂ ಗೊತ್ತಿಲ್ಲ ನೋಡಿ ಎಂದು ಎದ್ದು ನಿಂತು ಹೇಳಿದ್ದರೆ ಇಡೀ ಸಭಾಂಗಣವೇ ತಲೆದೂಗುತ್ತಿತ್ತು. ಮಾತು ನಾಲಿಗೆಯ ತುದಿಗೆ ಬಂದಿತ್ತು ಕೂಡ. ಆದರೆ ಆ ನೋಟ ಕಂಡದ್ದೇ ನನಗೆ ಸಂಪಾದಕರ ಕೋಣೆ ನೆನಪಾಯಿತು. ನಾನೂ ಹೀಗೇ ನೋಡಿದ್ದೆನಲ್ಲ. ಆಗ ನಿಮ್ಮ ಬಾಯಿಗೆ ಏನಾಗಿತ್ತು? ಈಗ ಗೊತ್ತಾಗಲಿ, ಒಂದು ಮಾತಿಗೆ ಕಾದು ಕೂರುವುದು ಹೇಗಿರುತ್ತದೆಂದು. ನಾನು ಕಣ್ಣು ತಗ್ಗಿಸಿ ನನ್ನ ಚೀಲದ ಜಿಪ್ಪು ಎಳೆದೆ. ಮತ್ತೆ ಹಾಕಿದೆ. ಮತ್ತೆ ಎಳೆದೆ. ಈ ಕೆಲಸ ಹೋದರೆ ಇವರು ಏಪ್ರನ್ ಕಟ್ಟಿಕೊಂಡು ಮುಚ್ಚಳ ಬಡಿಯಬೇಕು ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಎಳೆದೆ.

ಭಾವ ಮೊಣಕೈಯಿಂದ ತಿವಿದರು. "ಏನಮ್ಮ, ನಿನ್ನೇ ನೋಡ್ತಿದ್ದಾನೆ."

"ನೋಡ್ಲಿ ಬಿಡಿ," ಅಂದೆ.

ನಾನು ತಲೆಯೆತ್ತುವ ಹೊತ್ತಿಗೆ ನಮ್ಮವರು ನೋಡುವುದನ್ನು ಬಿಟ್ಟಿದ್ದರು. ಬಟ್ಟೆಯ ಸುರುಳಿಯಿಂದ ಅಗಲದ ಚಪ್ಪಟೆ ಕುಂಚ ತೆಗೆದು ತಟ್ಟೆಯಲ್ಲಿ ನೀಲಿ ಕಲಸುತ್ತಿದ್ದರು. ಸಣ್ಣ ಕುಂಚದಿಂದ ಮೊದಲು ಎಲೆಗಳ ಅಂಚನ್ನು ಸುತ್ತಿ ಬಂದರು. ಆಮೇಲೆ ಹಲಗೆಯನ್ನು ಎರಡು ಕೈಯಲ್ಲೂ ಎತ್ತಿ ಮರ ಮೇಲೆ ಕೆಳಗಾಗುವಂತೆ ತಿರುಗಿಸಿ, ಅದರ ಒಂದು ಬದಿಗೆ ಪೆನ್ಸಿಲ್ ಡಬ್ಬಿ ಕೊಟ್ಟು ಓರೆಯಾಗಿ ಇಟ್ಟರು. ಹಸಿ ನೀಲಿ ಹರಿದು ಮರದೊಳಗೆ ನುಗ್ಗದಿರಲಿ, ಹಾಳೆಯ ಅಂಚಿನ ಕಡೆಗೇ ಇಳಿಯಲಿ ಎಂದು. ಕುಂಚ ಹಿಡಿಯಲು ಕಲಿತ ಎರಡನೇ ವಾರಕ್ಕೆ ಯಾರಿಗಾದರೂ ಗೊತ್ತಾಗುವ ಸಂಗತಿ ಅದು. ಜನ ಮಾತ್ರ ಹುಚ್ಚೆದ್ದು ಚಪ್ಪಾಳೆ ತಟ್ಟಿದರು. ಇವರೂ ತಲೆಕೆಳಗು ಮಾಡಿದರಲ್ಲ ಎಂದು ಅವರ ಸಂಭ್ರಮ. "ನೋಡಿ, ಸರ್ ಕೊನೆಗೆ ಉಳಿಸಿಕೊಂಡಿದ್ದ ಗುಟ್ಟು ಇದೇ," ಎಂದು ನಿರೂಪಕಿ ಮೈಕಿನಲ್ಲಿ ಕೂಗಿದಳು. ನಮ್ಮವರು ಎಡದಿಂದ ಬಲಕ್ಕೆ, ಎಡದಿಂದ ಬಲಕ್ಕೆ, ಒಂದೇ ಸಮ ಕುಂಚ ಎಳೆದರು. ಏಳು ಎಳೆತಕ್ಕೆ ಬಿಳಿ ಮುಚ್ಚಿಹೋಯಿತು.

"ಒಂದೇ ಕೋಟಿಂಗಿಗೆ ಬಣ್ಣ ಕೂತುಬಿಡ್ತು," ಎಂದು ಭಾವ ಮೂಗಿನ ಮೇಲೆ ಬೆರಳಿಟ್ಟುಕೊಂಡರು. "ಇವನನ್ನ ಅಂಗಡಿಗೆ ಹಾಕ್ಕೊಂಡ್ರೆ ಅನ್ಯಾಯ ಆಗುತ್ತೆ ಕಣಮ್ಮ."

ಹಲಗೆಯನ್ನು ಮತ್ತೆ ನೇರ ಮಾಡಿದಾಗ ಇಡೀ ಸಭಾಂಗಣ ಹೋ ಎಂದಿತು. ಪ್ರಾಂಶುಪಾಲರು ಅಂಕದ ಹಾಳೆಯನ್ನು ಬೇರೆಯವರಿಗೆ ತೋರಿಸುವ ಶಾಸ್ತ್ರವನ್ನೂ ಮಾಡಲಿಲ್ಲ. ಸೀದಾ ವೇದಿಕೆ ಹತ್ತಿ ನಮ್ಮವರ ಕೈ ಹಿಡಿದು ಎತ್ತಿದರು. ಕೆಲಸ ಸಿಕ್ಕಿತು. "ಕೊನೇ ಕ್ಷಣದಲ್ಲಿ ಆಕಾಶ ಕೊಟ್ರಿ ನೋಡಿ, ಅಲ್ಲಿ ನಾನು ಸೋತೆ," ಎಂದರು ಮೈಕಿನಲ್ಲಿ. "ನಮ್ಮ ಮಕ್ಕಳಿಗೆ ಮೊದಲ ದಿನವೇ ಇದನ್ನ ಕಲಿಸಿ ಸರ್. ಕಾಗದ ಖಾಲಿ ಬಿಡಬಾರದು ಅಂತ." ನಮ್ಮವರು ಆಗಲಿ ಎಂದು ತಲೆಯಾಡಿಸಿದರು. ಪುಸ್ತಕಚಿತ್ರ ಕಲಿಸಲು ಬಂದ ಮೇಷ್ಟ್ರಿಗೆ ಪುಸ್ತಕವೇ ಇಲ್ಲದ ಪಾಠ. ಅದಕ್ಕೂ ಜನ ಚಪ್ಪಾಳೆ ತಟ್ಟಿದರು.

ನನಗೆ ಖುಷಿಯಾಗಬೇಕಿತ್ತು. ಆಯಿತು ಕೂಡ, ಇಲ್ಲವೆನ್ನುವುದಿಲ್ಲ. ನಾನು ಬಾಯಿ ಬಿಡದಿದ್ದರೂ ಕೆಲಸ ಸಿಕ್ಕಿತಲ್ಲ, ಲೆಕ್ಕಕ್ಕೆ ಲೆಕ್ಕ ಚುಕ್ತಾ ಆಯಿತಲ್ಲ ಎಂದು ಹಗುರಾದೆ. ಭಾವನನ್ನು ಬಾಗಿಲಲ್ಲಿ ನಿಲ್ಲಿಸಿ ಇವರನ್ನು ಹುಡುಕಿಕೊಂಡು ಒಳಗೆ ಹೋದೆ. ಪಡಸಾಲೆಯ ಕೊನೆಯಲ್ಲಿ ಕೈ ತೊಳೆಯುವ ತೊಟ್ಟಿಯ ಮುಂದೆ ನಿಂತು ಕುಂಚಗಳನ್ನು ತೊಳೆಯುತ್ತಿದ್ದರು. ಚಿತ್ರ ಪಕ್ಕದ ಗೋಡೆಗೆ ಒರಗಿತ್ತು.

ಗೆದ್ದವಳ ಗತ್ತಿನಲ್ಲೇ ಕೇಳಿದೆ. "ಅಲ್ಲಾ ರೀ, ಅಷ್ಟೊಂದು ಜಾಗ ಯಾರಿಗೆ ಅಂತ ಬಿಟ್ಟಿದ್ರಿ? ಪತ್ರಿಕೆಯಲ್ಲೂ ಇದೇ ಹಟ. ಕಂಪ್ಯೂಟರ್ ಅಕ್ಷರಕ್ಕೆ ಎರಡು ಬೆರಳು ಸಾಕು ಅಂತ ಎಷ್ಟು ಜನ ಬಡ್ಕೊಂಡ್ರು."

"ನಿನ್ನ ಅಕ್ಷರಕ್ಕೆ ಸಾಲಲ್ಲ," ಎಂದರು ಕುಂಚ ಹಿಂಡುತ್ತ.

ನನಗೆ ಅರ್ಥವಾಗಲಿಲ್ಲ. ಅವರು ಕುಂಚದ ತುದಿಯನ್ನು ಬೆರಳಲ್ಲಿ ಚೂಪು ಮಾಡುತ್ತ ಹೇಳಿದರು. "ನಿನ್ನ ಒತ್ತಕ್ಷರ ಕೆಳಗೆ ಇಳಿಬೀಳುತ್ತಲ್ಲ. ಒಂದು ಅಂಗೈ ಬೇಕೇ ಬೇಕು."

"ನಾನು ಬರೆಯೋದು ಬಿಟ್ಟು ಹದಿನಾಲ್ಕು ವರ್ಷ ಆಯ್ತು."

"ಗೊತ್ತು." ನಲ್ಲಿಯ ನೀರು ಇನ್ನೂ ನೀಲಿಯಾಗಿಯೇ ಹೋಗುತ್ತಿತ್ತು. "ಅವತ್ತು ಒಳಗೆ ನಂಗೆ ಮಾತೇ ಬರ್ಲಿಲ್ಲ. ಆಮೇಲೂ ಹೋಗಿ ಹೇಳೋಕಾಗ್ಲಿಲ್ಲ. ಅದಕ್ಕೇ ಜಾಗ ಬಿಡ್ತಾ ಬಂದೆ. ಖಾಲಿ ಕಂಡ್ರೆ ಅವರಿಗೇ ಅನ್ನಿಸುತ್ತೆ, ನಿನ್ನ ಕರೆಸ್ತಾರೆ ಅಂದ್ಕೊಂಡಿದ್ದೆ. ಬೈದ್ರು, ಆದ್ರೂ ಬಿಡ್ತಾ ಇದ್ದೆ. ಆಮೇಲೆ ಅದೇ ಅಭ್ಯಾಸ ಆಯ್ತು."

ಅವರು ಇನ್ನೊಂದು ಕುಂಚ ಕೈಗೆತ್ತಿಕೊಂಡರು.

"ಇವತ್ತು ನಿನ್ನ ನೋಡಿದೆ. ನೀನೂ ಏನೂ ಹೇಳ್ಲಿಲ್ಲ." ಅವರ ದನಿಯಲ್ಲಿ ಆಪಾದನೆಯ ಸುಳಿವೂ ಇರಲಿಲ್ಲ. ಅದಿದ್ದಿದ್ದರೆ ನಾನು ಜಗಳವಾಡಿ ಬಚಾವಾಗುತ್ತಿದ್ದೆ. "ನಿಂಗೂ ಆ ಜಾಗ ಬೇಡ ಆಗಿದೆ ಅಂತ ಗೊತ್ತಾಯ್ತು. ತುಂಬಿಸಿಬಿಟ್ಟೆ. ಒಳ್ಳೇದೇ ಆಯ್ತು ನೋಡು, ಕೆಲಸ ಸಿಕ್ತು."

ಗೋಡೆಗೆ ಒರಗಿದ್ದ ಚಿತ್ರದ ಕಡೆ ನೋಡಿದೆ. ನೀಲಿ ಒಣಗಿತ್ತು. ಒಂದು ಗೆರೆಯಿಲ್ಲ, ಒಂದು ಮಚ್ಚೆಯಿಲ್ಲ. ಹದಿನಾಲ್ಕು ವರ್ಷ ಈ ಮನುಷ್ಯ ತಿಂಗಳು ತಿಂಗಳೂ ಬೈಸಿಕೊಂಡು ನನಗೆ ಕಾಯ್ದಿಟ್ಟ ಜಾಗ ಅದು. ಏಳು ಎಳೆತದಲ್ಲಿ ಮುಚ್ಚಿಸಿದವಳು ನಾನು. ಸಂಜೆಯಿಂದ ತಲೆಕೆಳಗಪ್ಪನನ್ನು, ಉಸಿರಮ್ಮನನ್ನು, ಚಪ್ಪಾಳೆ ತಟ್ಟುವವರನ್ನೆಲ್ಲ ಏನೇನೆಂದು ಜರೆದಿದ್ದೆ. ಕಣ್ಣಿದ್ದೂ ಕಾಣದವರು ಎಂದಿದ್ದೆ. ಅವರೆಲ್ಲ ಒಂದು ಗಂಟೆ ಕೂತು ಕಾಣದವರು. ಮನೆಯಲ್ಲೇ ಇದ್ದು ಹದಿನಾಲ್ಕು ವರ್ಷ ಕಾಣದವಳು ನಾನೊಬ್ಬಳೇ. ಥೂ ನನ್ನ ಜನ್ಮಕ್ಕೆ ಎನ್ನಿಸಿತು.

"ರೀ," ಅಂದೆ. ನನ್ನ ದನಿ ನನಗೇ ಪರಿಚಯವಿಲ್ಲದ ಹಾಗಿತ್ತು. "ಮನೆಗೆ ಹೋಗಿ ಇನ್ನೊಂದು ಬರೀರಿ. ಇದನ್ನೇ ಬರೀರಿ. ಮೇಲೆ ಜಾಗ ಬಿಡಿ. ನಾನು ಶೀರ್ಷಿಕೆ ಬರೀತೀನಿ."

ಅವರು ತಿರುಗಿ ನೋಡಿದರು. ಅಣಕವಲ್ಲ, ಕೊಂಕಲ್ಲ. ಪ್ರತಿ ತಿಂಗಳೂ ಪೆನ್ಸಿಲ್ ಹಿಡಿದು ಸಂಪಾದಕರನ್ನು ಕೇಳುತ್ತಿದ್ದ ಹಾಗೆಯೇ, ತಿಳಿದುಕೊಳ್ಳಬೇಕೆಂದೇ ಕೇಳಿದರು.

"ಯಾವ ಕತೆಗೆ?"

ನಾನು ಬಾಯಿ ತೆರೆದೆ. ಅವರು ಸ್ವಲ್ಪ ಹೊತ್ತು ಕಾದು, ನಲ್ಲಿ ನಿಲ್ಲಿಸಿದರು.